ಎಡಗಣ್ಣಿನ ಕಿಟಕಿ

ಬಣ್ಣದಮ್ಮನ ತೋಟದ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದು ಅವಳದು, ಸವೆದು ಸವೆದು ಅವಳ ಮೈಗೇ ಹೊಂದಿಕೊಂಡದ್ದು. ಇನ್ನೊಂದು ಕಣ್ಣು ಕೊಡುವವರದು. ಆ ಎರಡನೆಯ ಕುರ್ಚಿಯಲ್ಲಿ ಮೂರು ವರ್ಷದಿಂದ ಯಾರೂ ಕೂತಿರಲಿಲ್ಲ. ಕಸ ಗುಡಿಸಲು ಬಂದ ತಂಗಿ ಕೂಡ ಅದರ ಸುತ್ತ ಗುಡಿಸಿ ಹೋಗಬೇಕಿತ್ತು. ಒಂದು ಗೇಣು ಸರಿಸಿದರೂ ಅಕ್ಕನ ಮುಖ ನೋಡುವ ಹಾಗಿರಲಿಲ್ಲ.

ಕಣ್ಣು ಕೊಡುವುದು ಅಂದರೆ ಗಾಬರಿಯಾಗಬೇಡಿ. ಇದು ಜೇಬಿಗೊಂದು ಕ್ಯಾಮೆರಾ ಬರುವುದಕ್ಕೆ ಮೊದಲಿನ ಮಾತು. ಎಷ್ಟೋ ಜನ ಒಂದೇ ಒಂದು ಫೋಟೋ ಇಲ್ಲದೆ ಬಾಳು ಮುಗಿಸಿಬಿಡುತ್ತಿದ್ದರು. ಉಸಿರು ನಿಂತ ಮೇಲೆ ಮನೆಯವರಿಗೆ ಅದು ಹೊಳೆಯುತ್ತಿತ್ತು, ಆಗ ಬಣ್ಣದಮ್ಮನ ಗಂಡನಿಗೆ ಕರೆ ಬರುತ್ತಿತ್ತು. ಊರು ಅವರಿಗಿಟ್ಟ ಹೆಸರು ಫೋಟೋದವರು. ಹೋಗಿ, ಸತ್ತವರ ಬೆನ್ನಿಗೆ ದಿಂಬು ಕೊಟ್ಟು, ತಲೆ ಬಾಚಿಸಿ, ಅಂಗಿಯ ಗುಂಡಿ ಹಾಕಿಸಿ, ಒಂದು ಫೋಟೋ ತೆಗೆದುಕೊಂಡು ಬರುತ್ತಿದ್ದರು. ಎದುರಿಗಿರುವವರು ಸತ್ತಿದ್ದರೂ ಸರಿಯೇ, ಬಾಯಿ ಅಭ್ಯಾಸಕ್ಕೆ "ಅಲ್ಲಾಡಬೇಡಿ" ಎಂದು ಹೇಳಿಯೇ ಗುಂಡಿ ಒತ್ತುತ್ತಿದ್ದರಂತೆ. ಆ ಫೋಟೋದಲ್ಲಿ ಮುಚ್ಚಿದ ಕಣ್ಣನ್ನು ತೆರೆಯುವುದು ಹೆಂಡತಿಯ ಕೆಲಸ. ಮುಚ್ಚಿದ ರೆಪ್ಪೆಯ ಮೇಲೆ ದಪ್ಪ ಬಿಳಿ ಬಣ್ಣ, ಅದರ ಮೇಲೆ ಪಾಪೆ, ಅಂಚಿಗೆ ರೆಪ್ಪೆಗೂದಲು. ಮುಗಿದ ಮೇಲೆ ನೋಡಿದರೆ ಸತ್ತವರು ಎದ್ದು ಕೂತು, ಈಗ ತಾನೇ ಕರೆದಿರೇನು ಎಂದು ಕೇಳುವ ಹಾಗಿರುತ್ತಿತ್ತು.

ಆದರೆ ಯಾರದೋ ಕಣ್ಣನ್ನು ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ. ಅದು ಫೋಟೋದವರ ಕಟ್ಟುನಿಟ್ಟು. ಸತ್ತವರ ಕಣ್ಣಿಗೆ ಯಾರ ಕಣ್ಣು ಹತ್ತಿರವೋ ಅವರನ್ನು ಮನೆಯವರೇ ಗೊತ್ತು ಮಾಡಿ ಕಳಿಸಬೇಕು. ಅವರು ತೋಟದ ಕೋಣೆಗೆ ಬಂದು, ಕಿಟಕಿಗೆ ಮುಖ ಮಾಡಿ ಒಂದು ಗಂಟೆ ಕೂರಬೇಕು. ಬಣ್ಣದಮ್ಮ ಕಿಟಕಿಗೆ ಬೆನ್ನು ಹಾಕಿ ಅವರೆದುರು ಕೂತು ಬರೆಯುತ್ತಿದ್ದಳು. ಬಲಗಣ್ಣು ಮೊದಲು, ಎಡಗಣ್ಣು ಆಮೇಲೆ. ಎಲ್ಲಕ್ಕಿಂತ ಕೊನೆಗೆ, ಒಂದೇ ಕೂದಲಿನ ಕುಂಚದಿಂದ, ಬೆಳಕಿನ ಚುಕ್ಕೆ. ಅದೂ ಬರೀ ಚುಕ್ಕೆಯಾದರೆ ಫೋಟೋದವರು ಒಪ್ಪುತ್ತಿರಲಿಲ್ಲ. ಕೂತವರ ಕಣ್ಣಿನಲ್ಲಿ ಎದುರಿನ ಕಿಟಕಿ ಸಾಸಿವೆಯಷ್ಟು ಸಣ್ಣದಾಗಿ ಕಾಣುತ್ತದಲ್ಲ, ನಾಲ್ಕು ಚೌಕದ ಕಿಟಕಿ, ಅದೇ ಬರಬೇಕು.

"ಬದುಕಿರೋ ಕಣ್ಣಲ್ಲಿ ಕಿಟಕಿ ನಿಲ್ಲುತ್ತೆ ಕಣೇ, ಸತ್ತ ಕಣ್ಣಲ್ಲಿ ನಿಲ್ಲಲ್ಲ. ನೂರಾರು ನೋಡಿದೀನಿ, ನನ್ನ ಹತ್ರ ವಾದ ಮಾಡ್ಬೇಡ" ಎನ್ನುತ್ತಿದ್ದರು. ಅವಳು ವಾದ ಮಾಡಿದ್ದೇ ಇಲ್ಲ.

ಆ ಕೋಣೆಯನ್ನು ಅವರೇ ನಿಂತು ಕಟ್ಟಿಸಿದ್ದು. ಮನೆಯ ಹಿಂದೆ ಇಪ್ಪತ್ತು ಹೆಜ್ಜೆ ನಡೆದರೆ ದಾಳಿಂಬೆ ಗಿಡ, ಅದನ್ನು ದಾಟಿದರೆ ಅಂಜೂರದ ಮರ, ಮರದ ಮಗ್ಗುಲಲ್ಲಿ ಕೋಣೆ. ಬಡಗು ಗೋಡೆಯ ತುಂಬ ಆ ಕಿಟಕಿ. ಅಲ್ಲಿ ಗಡಿಯಾರದ ಅಗತ್ಯವಿರಲಿಲ್ಲ, ಕ್ಯಾಲೆಂಡರಿನದಂತೂ ಇಲ್ಲವೇ ಇಲ್ಲ, ಎಲ್ಲವನ್ನೂ ಅಂಜೂರದ ಎಲೆಯೇ ಹೇಳುತ್ತಿತ್ತು. ಬೇಸಿಗೆಯಲ್ಲಿ ಎಲೆ ದಟ್ಟವಾಗಿ ಕೋಣೆಯೊಳಗೆಲ್ಲ ಹಸಿರು ಬೆಳಕು. ಆ ಬೆಳಕಲ್ಲಿ ಮುಖಕ್ಕೆ ಬಣ್ಣ ಹಾಕಿದರೆ ಸತ್ತವರಿಗೆ ಕಾಮಾಲೆಯೂ ಬಂದುಬಿಡುತ್ತದೆ. ಹಾಗಾಗಿ ಬೇಸಿಗೆಯೆಲ್ಲ ಅಂಗಿ, ಶಾಲು, ಹಿಂದಿನ ಪರದೆ, ಇಂಥವೇ. ಮಳೆಗಾಲದಲ್ಲಿ ಬಣ್ಣ ಆರುವುದಿಲ್ಲ, ಕುಂಚ ತೊಳೆಯುವುದು, ಚೌಕಟ್ಟು ಉಜ್ಜುವುದು, ಬಸವನಹುಳು ಗಾಜಿನ ಮೇಲೆ ಹತ್ತುವುದನ್ನು ನೋಡುತ್ತ ಕೂರುವುದು. ಎಲೆ ಉದುರಿ ಕೊಂಬೆ ಬರಿದಾದ ಮೇಲೆ ಬರುತ್ತದೆ ನೋಡಿ ಬೆಳಕು, ತೊಳೆದಿಟ್ಟ ಹಾಗೆ. ಕಣ್ಣಿನ ಕೆಲಸ ಆ ಮೂರು ತಿಂಗಳು ಮಾತ್ರ. ಬೇಸಿಗೆಯಲ್ಲಿ ಸತ್ತವರು ಚಳಿಗಾಲದವರೆಗೆ ಕಣ್ಣು ಮುಚ್ಚಿಕೊಂಡೇ ಕಾಯಬೇಕು. ಅಲ್ಲಿಯವರೆಗೆ ಅವರೆಲ್ಲ ಗೋಡೆಗೆ ಮುಖ ಮಾಡಿ ಹಲಗೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದರು. ಬಣ್ಣದಮ್ಮನಿಗೆ ಅವರ ಭಯ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಮಣ್ಣಿನ ವಾಸನೆ, ಬಣ್ಣದ ವಾಸನೆ, ಹೊರಗೆ ಗುಬ್ಬಚ್ಚಿಗಳ ಜಗಳ. ಈ ಲೋಕದಲ್ಲಿ ಅವಳು ನನ್ನದು ಎಂದು ಹೇಳಿದ ಒಂದೇ ಜಾಗ ಅದು.

ಮೂರು ವರ್ಷದ ಹಿಂದೆ, ಎಲೆ ಪೂರಾ ಉದುರಿದ ಒಂದು ಬೆಳಿಗ್ಗೆ, ಕೊಡೆ ರಿಪೇರಿಯವನು ಕಣ್ಣು ಕೊಡಲು ಬರಬೇಕಿತ್ತು. ಸತ್ತವಳು ಅವನ ಹೆಂಡತಿ. ಮಕ್ಕಳಿಲ್ಲ, ತವರಿನವರಿಲ್ಲ. ನಲವತ್ತು ವರ್ಷ ಜೊತೆಗಿದ್ದವರ ಕಣ್ಣು ಒಂದೇ ಥರ ಆಗಿರುತ್ತದೆ, ನೀನೇ ಬಂದು ಕೂತ್ಕೋ ಎಂದು ಫೋಟೋದವರೇ ಅವನಿಗೆ ಹೇಳಿದ್ದರು. ಅವನು ಬರಲಿಲ್ಲ. ಕಾದು ಕಾದು ಬೆಳಕು ಹೋಗುತ್ತದೆಂದು ಬಣ್ಣದಮ್ಮ ಚಡಪಡಿಸಿದಳು.

"ನಾನೇ ಕೂತ್ಕೋತೀನಿ ಬಿಡು" ಅಂದರು ಫೋಟೋದವರು. "ಅವನಿಗೆ ಬರೋಕೆ ಮನಸ್ಸು ಗಟ್ಟಿ ಇಲ್ಲ. ಒಂದು ಸಲ ನಮ್ಮ ಕಟ್ಟುನಿಟ್ಟು ಮುರಿದರೆ ಆಕಾಶ ಬೀಳಲ್ಲ."

ಶಾಲು ಹೊದ್ದು ಕೂತರು. ಅವಳು ಬರೆಯತೊಡಗಿದಳು. ಕೆಲಸಕ್ಕೆ ಕೂತರೆ ಅವಳಿಗೆ ಎದುರಿಗಿರುವವರು ಕಾಣುತ್ತಿರಲಿಲ್ಲ, ಕಣ್ಣು ಮಾತ್ರ ಕಾಣುತ್ತಿತ್ತು. ಮಧ್ಯೆ ಒಮ್ಮೆ ತಂಗಿ ಎಲ್ಲಿಂದಲೋ ಕೂಗಿದ್ದು ನೆನಪು, "ಅಕ್ಕಾ, ಟೀ ಆರುತ್ತೆ!" ತಿರುಗದೆಯೇ "ಇನ್ನೊಂದು ಚುಕ್ಕೆ" ಅಂದಿದ್ದೂ ನೆನಪು. ಕುಂಚ ತೊಳೆದು, ಕೈ ಒರೆಸಿಕೊಂಡು, "ಏಳಿ, ಟೀ ಆರ್ತಿದೆಯಂತೆ" ಅಂದಳು. ಅವರು ಏಳಲಿಲ್ಲ. ಕಣ್ಣು ತೆರೆದೇ ಇತ್ತು. ಕೈ ಮುಟ್ಟಿದರೆ ಮಂಜುಗಡ್ಡೆ.

ಆ ಕಣ್ಣನ್ನು ಅವಳೇ ಅಂಗೈಯಿಂದ ಮುಚ್ಚಿದಳು. ಹೃದಯ ನಿಂತಿತು ಎಂದರು ಡಾಕ್ಟರು, ನೋವಾಗಿರಲ್ಲ ಎಂದರು ಬಂದವರೆಲ್ಲ. ಅವಳನ್ನು ತಿನ್ನುತ್ತಿದ್ದದ್ದು ಬೇರೆಯೇ. ಯಾವಾಗ ಹೋದರು? ಬಲಗಣ್ಣು ಬರೆಯುವಾಗಲೋ, ಎಡಗಣ್ಣಿಗೋ? ನಲವತ್ತು ವರ್ಷ ಸತ್ತವರಿಗೆ ಬದುಕಿದವರ ಕಣ್ಣಿಟ್ಟವಳು, ಅವತ್ತು ಸತ್ತ ಗಂಡನ ಕಣ್ಣನ್ನು ನೋಡಿ ನೋಡಿ ಬರೆಯುತ್ತ ಕೂತಿದ್ದಳೇ? ಒಂದು ಸಲ, ಒಂದೇ ಒಂದು ಸಲ ಕುಂಚ ಕೆಳಗಿಟ್ಟು ಮುಖ ನೋಡಿದ್ದರೆ? ಈ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ. ಚಿತ್ರವನ್ನು ಮತ್ತೆ ನೋಡುವ ಧೈರ್ಯವೂ ಬರಲಿಲ್ಲ. ತಂಗಿಯೇ ಅದಕ್ಕೆ ಗಾಜು ಹಾಕಿಸಿ, ಬಟ್ಟೆ ಸುತ್ತಿ, ಕೊಡೆಯವನ ಮನೆಗೆ ಮುಟ್ಟಿಸಿ ಬಂದಳು.

ಅಲ್ಲಿಂದಾಚೆ ಕುರ್ಚಿ ಖಾಲಿ. ಪೇಟೆಯ ಹೊಸ ಸ್ಟುಡಿಯೊದವನು ಫೋಟೋ ತೆಗೆದು ಕಳಿಸುತ್ತಿದ್ದ, ಬಣ್ಣದಮ್ಮ ಯಾರನ್ನೂ ಕರೆಯದೆ ಕಣ್ಣು ಬರೆದು ಕೊಡುತ್ತಿದ್ದಳು. ಕೈಗೆ ಪಳಗಿದ ಕೆಲಸ, ಕಣ್ಣು ತಾನಾಗಿ ಬರುತ್ತಿತ್ತು. ಮೂರು ಚಳಿಗಾಲದಲ್ಲಿ ಹತ್ತು ಜನ. ಒಬ್ಬರೂ ತಕರಾರು ಮಾಡಲಿಲ್ಲ. ಸತ್ತವರ ವಿಷಯದಲ್ಲಿ ಜನ ಸಂಕೋಚದವರು.

ಮೂರನೆಯ ಚಳಿ ಮುಗಿದು ಅಂಜೂರದ ಕೊಂಬೆ ತುದಿಯಲ್ಲಿ ಹಸಿರು ಮೊಳೆತ ವಾರ, ಶಾಲೆಯ ಟೀಚರ್ ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಚೌಕಟ್ಟು.

"ತಪ್ಪು ತಿಳ್ಕೋಬೇಡಿ ಅಮ್ಮಾ. ಇದು ನಮ್ಮಮ್ಮ ಅಲ್ಲ."

"ಮುಖ ನಿಮ್ಮಮ್ಮಂದೇ ಅಲ್ವೇನಮ್ಮಾ?"

"ಮುಖ ಅವಳದೇ. ಒಳಗಿಂದ ನೋಡ್ತಿರೋರು ಬೇರೆ ಯಾರೋ." ಟೀಚರ್ ಬಟ್ಟೆ ಬಿಚ್ಚಿದರು. "ಒಂದು ವರ್ಷ ಸುಮ್ನಿದ್ದೆ. ಊಟಕ್ಕೆ ಕೂತ್ರೆ, ಅಲ್ಲಾಡಬೇಡ, ನೆಟ್ಟಗೆ ಕೂತ್ಕೋ ಅಂತ ಹೇಳೋ ಹಾಗೆ ನೋಡುತ್ತೆ. ನಮ್ಮಮ್ಮ ಜೀವಮಾನದಲ್ಲಿ ಯಾರಿಗೂ ಹಾಗೆ ಹೇಳಿದವಳಲ್ಲ. ಎಡಗಣ್ಣು ನೋಡಿ, ಚೂರು ಚಿಕ್ಕದು. ಕ್ಷೌರದಂಗಡಿಲಿ ಕ್ಷೌರಿಕನ ಅಪ್ಪನ ಫೋಟೋ ಇದೆಯಲ್ಲ, ಅದರಲ್ಲೂ ಹೀಗೇ ಇದೆ."

ಬಣ್ಣದಮ್ಮ ಚೌಕಟ್ಟನ್ನು ಬೆಳಕಿಗೆ ಹಿಡಿದಳು. ನಲವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಎಡಗಣ್ಣನ್ನು ಕಿರಿದು ಮಾಡಿ ಮಾಡಿ, ಫೋಟೋದವರ ಎಡಗಣ್ಣು ಹಾಗೇ ನಿಂತುಬಿಟ್ಟಿತ್ತು. ಟೀಚರ ತಾಯಿಯ ಮುಖದೊಳಗಿಂದ ಬಣ್ಣದಮ್ಮನ ಗಂಡ ನೋಡುತ್ತಿದ್ದರು. ಬರೆದವಳು ಅವಳೇ, ಅವಳಿಗೇ ಗೊತ್ತಾಗಿರಲಿಲ್ಲ.

"ಸರಿ ಮಾಡ್ತೀನಮ್ಮಾ" ಅಂದಳು. "ಎಲೆ ಉದುರೋವರೆಗೂ ಕಾಯ್ಬೇಕು."

ಮಾರನೆಯ ದಿನವೇ ಕ್ಷೌರದಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕನ್ನಡಿಯ ಮೇಲ್ಗಡೆ ಕ್ಷೌರಿಕನ ಅಪ್ಪ, ಮೀಸೆ ಅವನದು, ಕಿವಿ ಅವನದು. ಕಣ್ಣು ಫೋಟೋದವರದು.

"ಬನ್ನಿ ಅಮ್ಮಾ, ಏನು ಇಲ್ಲೀವರೆಗೂ?" ಕ್ಷೌರಿಕನಿಗೆ ಆಶ್ಚರ್ಯ. "ಅಪ್ಪನ ಫೋಟೋ ನೋಡೋಕಾ? ಚೆನ್ನಾಗಿ ಬರೆದಿದೀರಿ. ನಾನು ಕತ್ತರಿ ಹಿಡಿದ್ರೆ ಗುರಿ ನೋಡೋನ ಥರ ನೋಡ್ತಾನೆ. ಗಿರಾಕಿಗಳೂ ಅಲ್ಲಾಡಲ್ಲ, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು!"

ಅಂಗಡಿಯಲ್ಲಿದ್ದವರು ನಕ್ಕರು. ಬಣ್ಣದಮ್ಮನೂ ನಕ್ಕಂತೆ ಮಾಡಿ ಹೊರಗೆ ಬಂದಳು. ಅಲ್ಲಿಂದ ಬೇಕರಿಗೆ ಹೋದಳು. ಒಲೆಯ ಪಕ್ಕದ ಗೋಡೆಯಲ್ಲಿ ಬೇಕರಿಯವನ ಅತ್ತೆ, ಅಲ್ಲೂ ಅವರೇ. ಟೈಲರ ಅಂಗಡಿಯಲ್ಲಿ ಅವನ ಅಣ್ಣ, ಅವರೇ. ಔಷಧಿ ಅಂಗಡಿಯ ಗಾಜಿನ ಹಿಂದೆ ಮುದುಕಿಯೊಬ್ಬಳು, ಅವರೇ. ಬೀದಿಯಲ್ಲಿ ನಡೆದರೆ ತೆರೆದ ಕಿಟಕಿಗಳೊಳಗಿಂದ ಯಾರೋ ಬೆನ್ನಿಗೆ ಗುರಿಯಿಟ್ಟ ಹಾಗೆ. ಮನೆಗೆ ಬಂದು ಮುಸುಕು ಹೊದ್ದು ಮಲಗಿದಳು.

ನಾಚಿಕೆ ಬಿಟ್ಟು ಹೇಳುವುದಾದರೆ, ಮೂರನೆಯ ದಿನ ಅವಳು ಮತ್ತೆ ಹೋದಳು. ನಾಲ್ಕನೆಯ ದಿನವೂ. ಭಯದ ಜೊತೆಗೇ ಒಂದು ಆಸೆ ಬೇರುಬಿಟ್ಟಿತ್ತು. ಮನೆಯಲ್ಲಿ ಅವರದು ಇದ್ದದ್ದು ಒಂದೇ ಫೋಟೋ. ಮದುವೆಯಾದ ಹೊಸತರಲ್ಲಿ ಅವಳೇ ತೆಗೆದದ್ದು, ಇದೇ ತೋಟದಲ್ಲಿ. ಸರಿಯಾಗಿ ಅವಳು ಗುಂಡಿ ಒತ್ತುವಾಗ ಅವರು ರೆಪ್ಪೆ ಬಡಿದಿದ್ದರು. "ಊರಿಗೆಲ್ಲ ಕಣ್ಣು ಬಿಡಿಸ್ತೀಯ, ನಂದು ಮಾತ್ರ ಮುಚ್ಚಿಸಿದೆ" ಎಂದು ಜೀವ ಇರುವವರೆಗೂ ಕಾಡಿಸುತ್ತಿದ್ದರು. ಅವರು ಹೋದ ಮೇಲೆ ಅದನ್ನು ದೊಡ್ಡದು ಮಾಡಿಸಿಟ್ಟಿದ್ದಳು, ಕಣ್ಣು ತೆರೆಯಲು ಕೂತಾಗಲೆಲ್ಲ ಕುಂಚ ಅದ್ದದೆಯೇ ಎದ್ದುಬಿಡುತ್ತಿದ್ದಳು. ಅಂಥವಳಿಗೆ ಈಗ ಬೀದಿಗೊಬ್ಬರಂತೆ ಗಂಡ.

ಬೇಸಿಗೆಯೆಲ್ಲ ಇದೇ ಆಯಿತು. ಬೇಡದ ಬನ್ನು ತಂದಳು, ಹರಿಯದ ಅಂಗಿ ಹೊಲಿಯಲು ಕೊಟ್ಟಳು, ಇಲ್ಲದ ಕೆಮ್ಮಿಗೆ ಔಷಧಿ ಕೇಳಿದಳು.

"ಅಕ್ಕಾ, ತಲೇಲಿರೋದೇ ನಾಲ್ಕು ಕೂದಲು, ಕ್ಷೌರದಂಗಡಿಗೆ ದಿನಾ ಏನಕ್ಕೆ ಹೋಗ್ತೀಯ?" ತಂಗಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. "ಊರೋರು ನನ್ನ ಕೇಳ್ತಾರೆ, ನಾನೇನು ಹೇಳಲಿ?"

"ಗಾಳಿಗೆ ಹೋಗ್ತೀನಿ ಅಂತ ಹೇಳು."

ಕೊಡೆಯವನ ಮನೆಯ ಬೀದಿಗೆ ಮಾತ್ರ ಅವಳು ಅಪ್ಪಿತಪ್ಪಿಯೂ ಕಾಲಿಡಲಿಲ್ಲ. ಉಳಿದ ಹತ್ತೂ ನೆನಪಿನಿಂದ ಬಂದವು. ಅದೊಂದು ಎದುರಿಗೆ ಕೂತವರನ್ನು ನೋಡಿ ಬರೆದದ್ದು. ಅದರಲ್ಲಿರುವುದು ಗಂಡನ ಕಣ್ಣೋ ಹೆಣದ ಕಣ್ಣೋ, ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೇ ಬೇಡ ಎಂದು ಒಂದು ಮನಸ್ಸು, ಗೊತ್ತಾಗದೆ ಸಾಯಲಾರೆ ಎಂದು ಇನ್ನೊಂದು.

ಮಳೆ ಹಿಡಿಯಿತು. ಟೀಚರ ತಾಯಿ ಹಲಗೆಯ ಮೇಲೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹಿಂದೆಲ್ಲ ಅಲ್ಲಿ ನಿಲ್ಲುತ್ತಿದ್ದವರು ಕಣ್ಣು ಮುಚ್ಚಿದವರು, ಇವಳೊಬ್ಬಳು ತೆರೆದವಳು. ರಟ್ಟಿನ ಬೆನ್ನನ್ನು ತೂರಿಕೊಂಡು ಆ ನೋಟ ಕೋಣೆಯಲ್ಲೆಲ್ಲ ಓಡಾಡುವ ಹಾಗನಿಸುತ್ತಿತ್ತು. ಅಂಜೂರದ ಎಲೆಯ ಮೇಲೆ ಹನಿ ತಟತಟ ಬೀಳುತ್ತಿದ್ದ ಒಂದು ಮಧ್ಯಾಹ್ನ ಅವಳು ತಡೆಯಲಾರದೆ ಚೌಕಟ್ಟನ್ನು ಈ ಕಡೆ ತಿರುಗಿಸಿದಳು.

"ಯಾವಾಗ ಹೋದ್ರಿ ಹೇಳಿ" ಎಂದು ಕೇಳಿದಳು. "ಕೂಗಬಾರದಿತ್ತೇ? ಒಂದು ಸಲ ಇವಳೇ ಅನ್ನಬಾರದಿತ್ತೇ?"

ಟೀಚರ ತಾಯಿ ಎಡಗಣ್ಣನ್ನು ಕಿರಿದು ಮಾಡಿಕೊಂಡು ಅವಳನ್ನು ನೋಡಿದಳು. ಅಷ್ಟೇ. ಬಣ್ಣದಮ್ಮ ಮಳೆ ನಿಲ್ಲುವವರೆಗೆ ಬಿಕ್ಕಿ ಬಿಕ್ಕಿ ಅತ್ತಳು.

ಮೊದಲ ಗಾಳಿಗೆ ಅಂಜೂರದ ಎಲೆಗಳು ಹಳದಿಯಾಗಿ, ಅಂಗೈ ಅಗಲದವು, ಒಂದೊಂದಾಗಿ ಕಳಚಿದವು. ಕೋಣೆಯೊಳಗೆ ದಿನಕ್ಕೊಂದಿಷ್ಟು ಬೆಳಕು ಹೆಚ್ಚಾಯಿತು. ಪ್ರತಿ ವರ್ಷ ಈ ಬೆಳಕಿಗೆ ಹಿಗ್ಗುತ್ತಿದ್ದವಳು ಈ ಸಲ ಎಲೆಗಳನ್ನು ಕೊಂಬೆಗೆ ಮತ್ತೆ ಅಂಟಿಸಲು ಸಾಧ್ಯವಾಗಿದ್ದರೆ ಅಂಟಿಸಿಬಿಡುತ್ತಿದ್ದಳು. ಬರಿದಾದ ಮರವನ್ನು ಬೀದಿಯಿಂದಲೇ ನೋಡಿ ಟೀಚರ್ ಬಂದರು.

"ಎಲೆ ಉದುರಿತಲ್ಲಮ್ಮಾ."

"ಹೂಂ." ಬಣ್ಣದಮ್ಮ ಕಣ್ಣು ತಪ್ಪಿಸಿದಳು. "ಈ ವರ್ಷ ಇದು ಹಾಗೇ ಇರ್ಲಿ ಅಂದ್ರೆ?"

ಟೀಚರ್ ಜಗಳ ಮಾಡಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ನನಗೆ ನಮ್ಮಮ್ಮ ಬೇಕು ಕಣಮ್ಮಾ" ಅಂದರು. ಅಷ್ಟು ದೊಡ್ಡ ಹೆಂಗಸಿನ ದನಿ ಒಡೆದು ಮಗುವಿನ ದನಿಯಾಯಿತು.

ಅದನ್ನು ಕೇಳಿದ ಮೇಲೆ ಬಣ್ಣದಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ತನ್ನವರು ತನಗೆ ಸಿಗಲೆಂದು ಎಷ್ಟು ಮನೆಯವರಿಗೆ ಅವರವರನ್ನು ಇಲ್ಲದಂತೆ ಮಾಡಿದ್ದಳು. ಕುರ್ಚಿಯ ಮೇಲಿನ ಧೂಳನ್ನು ತನ್ನ ಸೆರಗಿನಿಂದಲೇ ಒರೆಸಿ, "ಕೂತ್ಕೊಳ್ಳಿ" ಅಂದಳು.

ಒದ್ದೆ ಹತ್ತಿಯನ್ನು ಎರಡು ಸಲ ಒತ್ತಿದರೆ ಬಣ್ಣ ಬಿಡುತ್ತದೆ, ಅಡಿಯಲ್ಲಿ ಮುಚ್ಚಿದ ರೆಪ್ಪೆ ಮತ್ತೆ ಕಾಣುತ್ತದೆ. ಅವಳು ಒತ್ತಿದಳು. ಗಂಡನ ಕಣ್ಣು ಮುಚ್ಚಿತು. ಅವತ್ತು ಅಂಗೈಯಿಂದ ಮುಚ್ಚಿದಂತೆಯೇ ಇತ್ತು. ಆಮೇಲೆ ಟೀಚರ ಕಣ್ಣನ್ನು ನೋಡಿ ನೋಡಿ ಬರೆದಳು. ಈ ಸಲ ಹತ್ತು ನಿಮಿಷಕ್ಕೊಮ್ಮೆ ಕುಂಚ ಕೆಳಗಿಟ್ಟು, "ಚೆನ್ನಾಗಿದ್ದೀರಾ?" ಎಂದು ಕೇಳುತ್ತಿದ್ದಳು. ಟೀಚರಿಗೆ ಇದು ವಿಚಿತ್ರವೆನಿಸಿದರೂ, "ಹೂಂ, ಇದ್ದೀನಿ" ಎನ್ನುತ್ತಿದ್ದರು. ಮುಗಿದದ್ದನ್ನು ಕೈಗೆ ಕೊಟ್ಟಾಗ ಟೀಚರ್ ಅದನ್ನು ಎದೆಗೊತ್ತಿಕೊಂಡು ಹೋದರು.

ಉಳಿದ ಒಂಬತ್ತು ಮನೆಗೂ ಅವಳೇ ಹೋದಳು. ತಪ್ಪು ಒಪ್ಪಿಕೊಂಡಳು, ಕೆಲವರು ಬೈದರು, ಕೆಲವರು ತಾವೇ ಗಮನಿಸಿರಲಿಲ್ಲವೆಂದು ಪೆಚ್ಚಾದರು. ಕ್ಷೌರಿಕ ಮಾತ್ರ, "ಇನ್ನು ಗಿರಾಕಿಗಳು ಅಲ್ಲಾಡಿದ್ರೆ ನೀವೇ ಜವಾಬ್ದಾರಿ" ಅಂದ. ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂತರು. ಒಂಬತ್ತು ಸಲ ಹತ್ತಿ ಒತ್ತಿದಳು. ಗಂಡ ಒಂದೊಂದೇ ಗೋಡೆಯಿಂದ ಇಳಿದು ಹೋದರು. ಊರಿನ ಬೀದಿಗಳು ಮತ್ತೆ ಬರೀ ಬೀದಿಗಳಾದವು. ಬೇಕರಿಯಲ್ಲಿ ಬನ್ನು ಕೊಂಡು ತಲೆಯೆತ್ತಿದರೆ ಯಾರದೋ ಅತ್ತೆ ಯಾರನ್ನೋ ನೋಡುತ್ತಿದ್ದಳು.

ಹತ್ತನೆಯದು ಮುಗಿದ ದಿನ ಅವಳು ಗಟ್ಟಿ ಮನಸ್ಸು ಮಾಡಿ ಗಂಡನ ಫೋಟೋ ತೆಗೆದುಕೊಂಡು ಕೂತಳು. ಕಣ್ಣು ಬರಲಿಲ್ಲ. ಟೀಚರದು ಬಂತು, ಒರೆಸಿದಳು. ಕ್ಷೌರಿಕನದು ಬಂತು, ಒರೆಸಿದಳು. ಇಷ್ಟು ಜನರ ಕಣ್ಣನ್ನು ನೋಡಿ ನೋಡಿ ಬರೆದ ಕೈ ಅವರ ಕಣ್ಣನ್ನು ಮರೆತಿತ್ತು.

"ಭಾವನ ಕಡೆಯವರು ಯಾರೂ ಇಲ್ಲ" ಅಂದಳು ಪಕ್ಕದಲ್ಲಿ ನಿಂತಿದ್ದ ತಂಗಿ. "ಜೊತೆಗಿದ್ದೋರ ಕಣ್ಣು ಒಂದೇ ಥರ ಆಗುತ್ತೆ ಅಂತ ಭಾವನೇ ಹೇಳ್ತಿದ್ರಲ್ಲ. ಕನ್ನಡಿ ಇಟ್ಕೊಂಡು ನಿನ್ನ ಕಣ್ಣೇ ಬರಿ."

ಅವಳು ಕನ್ನಡಿ ತಂದು ಕುರ್ಚಿಯ ಮೇಲಿಟ್ಟು ನೋಡಿದಳು. ಕಂಡದ್ದು ಕಣ್ಣು ತಪ್ಪಿಸುವವಳ ಕಣ್ಣು. ಅಂಥದ್ದನ್ನು ಆ ನೇರ ಮನುಷ್ಯನ ಮುಖಕ್ಕೆ ಹೇಗೆ ಇಡುವುದು? ಇನ್ನು ಉಳಿದಿದ್ದದ್ದು ಒಂದೇ ದಾರಿ, ಮೂರು ವರ್ಷ ಅವಳು ಕಾಲಿಡದ ಬೀದಿಗೆ ಹೋಗುವ ದಾರಿ.

ಮಳೆ ಇಲ್ಲದ ಕಾಲ, ಕೊಡೆಯವನಿಗೆ ಕೆಲಸವಿರಲಿಲ್ಲ. ಕೊಡೆಕಡ್ಡಿಗಳ ರಾಶಿಯ ಮಧ್ಯೆ ಕೂತು ಗೋಡೆ ನೋಡುತ್ತಿದ್ದ. ಗೋಡೆಯಲ್ಲಿ ಅವನ ಹೆಂಡತಿ. ಬಣ್ಣದಮ್ಮ ತಲೆಯೆತ್ತದೆ ಶುರುಮಾಡಿದಳು.

"ಅಣ್ಣಾ, ಆ ಫೋಟೋದಲ್ಲಿ ಒಂದು ತಪ್ಪಾಗಿದೆ..."

"ಗೊತ್ತಮ್ಮಾ, ಊರೆಲ್ಲ ಅದೇ ಮಾತು. ಎಲ್ಲರದೂ ಸರಿ ಮಾಡ್ತಿದೀರಂತೆ. ಇದನ್ನ ಮಾತ್ರ ಮುಟ್ಟಬೇಡಿ." ಅವನು ಎದ್ದು ಗೋಡೆಗೆ ಅಡ್ಡ ನಿಂತ. "ಅವತ್ತು ನಾನು ಕಣ್ಣು ಕೊಡೋಕೆ ಬರ್ಲಿಲ್ಲ. ನಿಮ್ಮ ಗೇಟಿನ ತನಕ ಬಂದು ವಾಪಸ್ ಹೋದೆ. ಆದರೂ ನೀವು ಹೇಗೋ ಅವಳ ಕಣ್ಣನ್ನೇ ತಂದುಕೊಟ್ರಿ. ಬದುಕಿದ್ದಾಗ ಅವಳ ಮುಖ ನಾನು ಸರಿಯಾಗಿ ನೋಡಿದ್ದೇ ಇಲ್ಲ, ತಲೆ ತಗ್ಗಿಸ್ಕೊಂಡು ಕಡ್ಡಿ ಕಟ್ತಾ ಇದ್ದೆ. ಈಗ ದಿನಾ ನೋಡ್ತಾಳೆ, ನಾನೂ ನೋಡ್ತೀನಿ. ಒಂದು ಕಣ್ಣು ಚಿಕ್ಕದು ಮಾಡ್ಕೊಂಡು, ಏನಯ್ಯಾ ನಿನ್ನ ಕಥೆ ಅನ್ನೋ ಹಾಗೆ. ಇಷ್ಟು ಸಾಕು ನನಗೆ."

ಅದು ನಿನ್ನ ಹೆಂಡತಿಯ ಕಣ್ಣಲ್ಲ ಎಂದು ಹೇಳಿ ಅವನಿಗೆ ಏನು ಕೊಟ್ಟಂತಾಗುತ್ತದೆ? "ಮುಟ್ಟಲ್ಲ ಅಣ್ಣಾ. ಗಾಜಿನೊಳಗೆ ಧೂಳು ಕೂತಿದೆ. ಒರೆಸಿ, ಚೌಕಟ್ಟಿಗೆ ಎಣ್ಣೆ ಹಚ್ಚಿ ಕೊಡ್ತೀನಿ, ಎರಡು ದಿನ ಕೊಡಿ" ಅಂದಳು. ಅವನು ಆಣೆ ಹಾಕಿಸಿಕೊಂಡೇ ಕೊಟ್ಟ.

ಬೆಳಿಗ್ಗೆ, ಬೆಳಕು ತೊಳೆದಿಟ್ಟಂತಿದ್ದ ಹೊತ್ತಿನಲ್ಲಿ, ಅವಳು ಆ ಚಿತ್ರವನ್ನು ಗಾಜಿನಿಂದ ಬಿಡಿಸಿ ಕುರ್ಚಿಯ ಮೇಲೆ ಕೂರಿಸಿದಳು. ಮೂರು ವರ್ಷದ ಮೇಲೆ ಮೊದಲ ಸಲ ಅದನ್ನು ನೆಟ್ಟ ದೃಷ್ಟಿಯಿಂದ ನೋಡಿದಳು. ಭೂತಗನ್ನಡಿ ಹಿಡಿದು ಬಲಗಣ್ಣಿಗೆ ಬಂದಳು. ಪಾಪೆಯಲ್ಲಿ ಕಿಟಕಿ ನಿಂತಿತ್ತು, ನಾಲ್ಕು ಚೌಕ. ಬಲಗಣ್ಣಿನವರೆಗೆ ಇದ್ದರು. ಎಡಗಣ್ಣಿಗೆ ಬಂದಳು. ಕಿಟಕಿ ಇತ್ತು, ಆದರೆ ಮೂರೇ ಚೌಕ. ಕೆಳಗಿನ ಒಂದು ಚೌಕವಿರಬೇಕಾದಲ್ಲಿ ಕಪ್ಪು.

ನಲವತ್ತು ವರ್ಷದಲ್ಲಿ ಅವಳು ಮೂರು ಚೌಕದ ಕಿಟಕಿ ಬರೆದದ್ದಿಲ್ಲ. ಅಭ್ಯಾಸಕ್ಕೆ ಕೈ ಬರೆದಿದ್ದರೆ ನಾಲ್ಕೇ ಬರಬೇಕಿತ್ತು. ಕಂಡದ್ದನ್ನು ಬರೆದಿದ್ದಾಳೆ. ಕಂಡದ್ದಾದರೂ ಏನು? ಥಟ್ಟನೆ ಎದ್ದು ಮನೆಯ ಕಡೆ ಕೂಗಿದಳು. ತಂಗಿ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು.

"ಅವತ್ತು, ನಿನ್ನ ಭಾವ ಹೋದ ದಿನ, ಟೀ ಆರುತ್ತೆ ಅಂತ ಕೂಗಿದೆಯಲ್ಲ, ಎಲ್ಲಿಂದ ಕೂಗಿದೆ?"

"ಎಲ್ಲಿಂದ ಅಂದ್ರೆ? ಇಲ್ಲೇ, ಕಿಟಕಿ ಹತ್ರ ಬಂದು. ಗಾಜಿಗೆ ಮುಖ ಒತ್ತಿ ಕೂಗಿದೆ. ನೀನೆಲ್ಲಿ ತಿರುಗಿದೆ, ಇನ್ನೊಂದು ಚುಕ್ಕೆ ಅಂದೆ."

"ಯಾವ ಚೌಕಕ್ಕೆ?"

ತಂಗಿ ಹೊರಗಡೆಯಿಂದ ಹೋಗಿ, ಕೆಳಗಿನ ಚೌಕಕ್ಕೆ ಮುಖವಿಟ್ಟು ತೋರಿಸಿದಳು. ಆ ಚೌಕ ಕತ್ತಲಾಯಿತು.

ಬಣ್ಣದಮ್ಮ ಅವತ್ತು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ತಂಗಿ ಎಲ್ಲಿ ನಿಂತಿದ್ದಳೆಂದು ತಿಳಿಯಲು ಅವಳಿಗಿದ್ದದ್ದು ಗಂಡನ ಕಣ್ಣು ಮಾತ್ರ. ಆ ಕಣ್ಣು ಕಿಟಕಿಯನ್ನು ಹಿಡಿದಿಟ್ಟಿತ್ತು, ಕಿಟಕಿಗೆ ಬಂದ ನಾದಿನಿಯ ಮುಖವನ್ನೂ ಹಿಡಿದಿಟ್ಟಿತ್ತು. ಸತ್ತ ಕಣ್ಣಲ್ಲಿ ಕಿಟಕಿ ನಿಲ್ಲಲ್ಲ, ನೂರಾರು ನೋಡಿದೀನಿ ಎನ್ನುತ್ತಿದ್ದರಲ್ಲ ಅವರು. ಕೊನೆಯ ಚುಕ್ಕೆ ಇಡುವವರೆಗೂ ಇದ್ದರು. ಅವಳು ಕುಂಚ ತೊಳೆಯಲು ತಿರುಗಿದ ಮೇಲೆಯೇ ಹೋದದ್ದು. ಕೈ ತಣ್ಣಗಿದ್ದದ್ದು ಚಳಿಗೆ. ಅವಳು ನೆಲಕ್ಕೆ ಕುಸಿದು ಕೂತು ಜೋರಾಗಿ ಅತ್ತಳು. ಮೂರು ವರ್ಷ ಎದೆಯ ಮೇಲೆ ಕೂತಿದ್ದದ್ದು ಅಳುವಿನಲ್ಲಿ ಇಳಿದು ಹೋಗುತ್ತಿತ್ತು. ತಂಗಿಗೆ ತಲೆಬುಡ ತಿಳಿಯಲಿಲ್ಲ, ಗಾಜಿನಾಚೆ ಸೌಟು ಹಿಡಿದು ತಾನೂ ಅತ್ತಳು.

ಆಮೇಲೆ ಮುಖ ತೊಳೆದುಕೊಂಡು ಬಣ್ಣದಮ್ಮ ಗಂಡನ ಫೋಟೋ ಎಳೆದುಕೊಂಡಳು. ಕುರ್ಚಿಯಲ್ಲಿ ಕೊಡೆಯವನ ಹೆಂಡತಿ ಅಲ್ಲಾಡದೆ ಕೂತು ಕಣ್ಣು ಕೊಟ್ಟಳು. ಬಲಗಣ್ಣು ಮೊದಲು, ಎಡಗಣ್ಣು ಆಮೇಲೆ, ಕೊನೆಗೆ ಮೂರು ಚೌಕದ ಕಿಟಕಿ. ಹೊಸ ಮದುಮಗನ ಮುಖದಲ್ಲಿ ಮುದುಕನ ನೋಟ, ಆದರೂ ಅವರೇ.

ಎರಡು ದಿನ ತುಂಬುವವರೆಗೂ ಕಾಯಲಾಗದೆ ಕೊಡೆಯವನು ಮಾರನೆಯ ಬೆಳಿಗ್ಗೆಯೇ ಬಂದ. ಮೊದಲು ಹೆಂಡತಿಯ ಚೌಕಟ್ಟನ್ನು ಎತ್ತಿ, ಕಣ್ಣು ಹಾಗೇ ಇದೆಯೇ ಎಂದು ನೋಡಿ ನಿಟ್ಟುಸಿರು ಬಿಟ್ಟ. ಆಮೇಲೆ ಅವನ ದೃಷ್ಟಿ ಮೇಜಿನ ಮೇಲಿದ್ದ ಫೋಟೋದವರ ಮೇಲೆ ಬಿತ್ತು. ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ನೋಡಿದ.

"ಅಮ್ಮಾ, ಇದೇನಿದು? ನಿಮ್ಮ ಯಜಮಾನ್ರಿಗೆ ನಮ್ಮವಳ ಕಣ್ಣು ಇಟ್ಟಿದ್ದೀರಲ್ಲ!"

ಬಾಗಿಲಲ್ಲಿದ್ದ ತಂಗಿ ಬಾಯಿ ತೆರೆದಳು. ಬಣ್ಣದಮ್ಮ ಕಣ್ಸನ್ನೆಯಲ್ಲೇ ಅವಳನ್ನು ತಡೆದಳು. ತನ್ನವರ ಕಣ್ಣು, ತನ್ನ ಕೈ, ತನ್ನ ಚುಕ್ಕೆ.

"ಹೌದಣ್ಣಾ" ಅಂದಳು. "ಅವರಿಗೆ ಕಣ್ಣು ಕೊಡೋಕೆ ಅವರ ಕಡೆಯವರು ಯಾರೂ ಇರ್ಲಿಲ್ಲ. ನಿಮ್ಮ ಮನೆಯವರೇ ಬಂದು ಕೂತು ಕೊಟ್ರು."

ಕೊಡೆಯವನ ಮುಖ ಹಿಗ್ಗಿನಿಂದ ಅರಳಿತು. "ಇರ್ಲಿ ಬಿಡಿ. ಅವಳು ಯಾವತ್ತೂ ಇಲ್ಲ ಅಂದವಳಲ್ಲ" ಎಂದು ಹೇಳಿ, ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಚಿತ್ರದ ಮುಖ ಹಿಂದಕ್ಕಿತ್ತು. ಅಂಜೂರದ ಮರ ದಾಟಿ, ದಾಳಿಂಬೆ ದಾಟಿ, ಗೇಟಿನವರೆಗೂ ಆ ಕಿರಿದಾದ ಎಡಗಣ್ಣು ಬಣ್ಣದಮ್ಮನನ್ನೇ ನೋಡುತ್ತ ಹೋಯಿತು. ಅದು ಕಣ್ಮರೆಯಾಗುವ ತನಕ ಅವಳು ಅಲ್ಲಾಡಲಿಲ್ಲ.